ರೇಡಿಯೋದ ಬೆನ್ನಿಗೆ ನಾಲ್ಕು ತೂತು

ನನ್ನನ್ನು ನೋಡಲು ಬಂದ ಮೊದಲ ವರ ನನ್ನ ಮುಖಕ್ಕಿಂತ ನಮ್ಮ ರೇಡಿಯೋದ ಬೆನ್ನನ್ನೇ ಹೆಚ್ಚು ಹೊತ್ತು ನೋಡಿದ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅಪ್ಪನೇ ಅದನ್ನು ತಿರುಗಿಸಿ ಇಟ್ಟಿದ್ದರು.

ಐವತ್ತರ ದಶಕದ ಮಾತು. ನಾವು ಧಾರವಾಡ ಬಿಟ್ಟು ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು. ವಿಲಾಯತಿಗೆ ಹಿಂದಿರುಗುತ್ತಿದ್ದ ಸಾಹೇಬನೊಬ್ಬನಿಂದ ಅಪ್ಪ ಹಳೆಯ ರೇಡಿಯೋ ಕೊಂಡು ತಂದಿದ್ದರು. ಅದು ಚೆನ್ನಾಗಿಯೇ ಹಾಡುತ್ತಿತ್ತು. ಆದರೆ ಅದರ ಬೆನ್ನಿನಲ್ಲಿ ಕಪ್ಪು ದುಂಡನೆಯ ಸಾಕೆಟ್ ಒಂದಿತ್ತು. ಅದಕ್ಕೆ ನಾಲ್ಕು ತೂತು, ಎರಡು ದೊಡ್ಡವು, ಎರಡು ಸಣ್ಣವು. ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಹಾಡುವ ರೇಡಿಯೋ ಕೇಳುವುದು ಬಿಟ್ಟು ಅಪ್ಪ ಆ ತೂತುಗಳ ಚಿಂತೆಗೆ ಬಿದ್ದರು. ಎದುರು ಖೋಲಿಯ ಉಡುಪಿ ಹೋಟೆಲ್ ಮ್ಯಾನೇಜರು, "ಅದು ಲಂಡನ್ ಸ್ಟೇಷನ್ ಹಿಡಿಯಲಿಕ್ಕೆ ಮಾರಾಯ್ರೆ, ಬೇರೆ ತಂತಿ ಬೇಕು" ಎಂದು ತೀರ್ಪು ಕೊಟ್ಟಿದ್ದರು. ಅವರ ಮನೆಯಲ್ಲಿ ರೇಡಿಯೋ ಇರಲಿಲ್ಲ. ಆದ್ದರಿಂದ ಅವರಿಗೆ ಸಂಶಯವೂ ಇರಲಿಲ್ಲ.

ಮಲಾಡಿನ ಆ ಮೊದಲ ವರ ರೇಡಿಯೋ ಕೋರ್ಸು ಮಾಡಿದ್ದಾನೆಂದು ಗೊತ್ತಾದಾಗ ಅಪ್ಪನಿಗೆ ಆದ ಹಿಗ್ಗು ನನ್ನ ಮದುವೆಯದಲ್ಲ. ಅವನು ಸೋದರಮಾವನ ಜೊತೆ ಬಂದು ಶಿರಾ ಮುಗಿಸುವುದೇ ತಡ, ಅಪ್ಪ ಕೇಳಿಯೇಬಿಟ್ಟರು: "ನೀವು ರೇಡಿಯೋ ಕಲ್ತೀರಂತ. ಇದೇನದ ಹೇಳ್ರಿ ನೋಡೋಣು."

ವರ ಬಗ್ಗಿ ಕೂಡ ನೋಡಲಿಲ್ಲ. "ಗ್ರಾಮೋಫೋನ್ ಹಚ್ಚೋ ಜಾಗಾರೀ ಅದು. ಸಣ್ಣ ಹುಡುಗರೂ ಹೇಳ್ತಾರ."

ಚಹಾದ ತಟ್ಟೆ ಹಿಡಿದು ನಿಂತಿದ್ದ ನಾನು ಸುಮ್ಮನಿರಬೇಕಿತ್ತು. "ಗ್ರಾಮೋಫೋನಿಗೆ ಎರಡು ತಂತಿ ಸಾಕಲ್ರೀ? ಇದಕ್ಕ ನಾಲ್ಕು ತೂತು ಯಾಕ?" ಎಂದೆ.

ಅವನ ಸೋದರಮಾವ ನಕ್ಕರು. ವರ ನಗಲಿಲ್ಲ. ಮ್ಯಾನೇಜರ ಮನೆಯ ಕರೆಂಟಿನ ಗ್ರಾಮೋಫೋನ್ ತರಿಸಿ, ಅದರ ತಂತಿಗಳನ್ನು ಹೊರಗೆಳೆದು, ರೇಡಿಯೋ ಹಾಡುತ್ತಿದ್ದಂತೆಯೇ ಎರಡು ತೂತಿಗೆ ತುರುಕಿದ. ಚಟ್ ಎಂದಿತು. ಖೋಲಿಯ ತುಂಬ ಸುಟ್ಟ ವಾಸನೆ. ರೇಡಿಯೋ ತಣ್ಣಗಾಯಿತು.

"ಸೆಟ್ಟು ಭಾಳ ಹಳೇದರೀ" ಎಂದ ವರ, ಎದ್ದು ಚಪ್ಪಲಿ ಹುಡುಕುತ್ತಾ.

ಮರುದಿನ ಅವರ ಕಡೆಯಿಂದ ಹುಡುಗಿಗೆ ಮಾತು ಹೆಚ್ಚು ಎಂಬ ಸುದ್ದಿ ಬಂತು. ರೇಡಿಯೋ ಸುಟ್ಟವನ ಬಾಯಲ್ಲಿ ಈ ದೂರು! ಅಮ್ಮ ಅತ್ತಳು. ಅಪ್ಪನೂ ಕಣ್ಣೊರೆಸಿಕೊಂಡರು, ರೇಡಿಯೋದ ಕಡೆ ನೋಡಿ.

ಎರಡನೆಯ ವರ ಗೋರೆಗಾಂವ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ವಿಜಾಪುರದ ಕಡೆಯವರು. ಇಷ್ಟಾದರೂ ಅಪ್ಪನಿಗೆ ಬುದ್ಧಿ ಬರಲಿಲ್ಲ. ಅದೇ ರೇಡಿಯೋ, ಅದೇ ಬೆನ್ನು, ಅದೇ ಪ್ರಶ್ನೆ; ಈ ಸಲ ಚಟ್ ಎಂದು ಸುಟ್ಟ ಕಥೆಯೂ ಸೇರಿತ್ತು.

ಅವರು ಹತ್ತಿರ ಹೋಗಿ ನೋಡಿದರು. "ನನಗ ಗೊತ್ತಿಲ್ಲರೀ" ಎಂದರು.

ನಮ್ಮ ಮನೆಯಲ್ಲಿ ಗಂಡಸೊಬ್ಬರ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ಅಪ್ಪನ ಮುಖ ಇಳಿಯಿತು.

"ಬಿಚ್ಚಿ ನೋಡಲೇನು?" ಎಂದು ಕೇಳಿ, ಪ್ಲಗ್ಗು ಕಿತ್ತು, ಹಿಂದಿನ ರಟ್ಟು ತೆಗೆದು, ಸಾಕೆಟ್ಟಿನ ತಂತಿಗಳು ಎಲ್ಲಿ ಹೋಗುತ್ತವೆಂದು ಬೆರಳಿಟ್ಟು ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ದೊಡ್ಡ ತೂತಿನ ತಂತಿ ಎಷ್ಟು ದಪ್ಪ ಅವ ನೋಡ್ರಿ. ಹಾಡಿಗೆ ಇಷ್ಟು ದಪ್ಪ ತಂತಿ ಬೇಕೇನು?"

"ಬ್ಯಾಡ. ಕರೆಂಟಿಗೆ ಬೇಕು" ಎಂದೆ.

"ಹೌದು. ಇವು ವಾಲ್ವ್, ಅಂದರ ಈ ಗಾಜಿನ ಬುರುಡಿ, ಬಿಸಿ ಮಾಡೋ ತಂತಿ. ಸಣ್ಣ ತೂತಿನವು ಭಾಳ ವೋಲ್ಟೇಜಿನವು, ಹಿಂದ ಚಟ್ ಅಂದದ್ದು ಅಲ್ಲೇ ಇರಬೇಕು. ಲೈಟಿಲ್ಲದ ಊರಾಗ ಮೋಟಾರು ಗಾಡಿ ಬ್ಯಾಟರಿಗೆ ಒಂದು ಪೆಟ್ಟಿಗಿ ಜೋಡಿಸಿ, ಇದರಾಗ ಸಿಗಿಸಿ ರೇಡಿಯೋ ನಡಸ್ತಾರ. ನಿಮಗ ಇಲ್ಲಿ ಏನೂ ಉಪಯೋಗಿಲ್ಲ."

ಅಷ್ಟು ದಿನ ಚಾಳಿಗೆ ಚಾಳೇ ತಲೆ ಕೆಡಿಸಿಕೊಂಡಿದ್ದ ಸಾಕೆಟ್ಟಿನ ಉಪಯೋಗ ಇಷ್ಟೇ. ಮ್ಯಾನೇಜರು ಮಾತ್ರ ಒಪ್ಪಲಿಲ್ಲ. ಲಂಡನ್ನಿನ ಗುಟ್ಟು ಇಂಥವರಿಗೆ ತಿಳಿಯುವುದಿಲ್ಲ ಎಂದರು.

ಸುಟ್ಟ ವಾಲ್ವ್ ಬದಲಾಯಿಸಲು ಎಂಜಿನಿಯರು ಮತ್ತೊಂದು ಭಾನುವಾರ ಬಂದರು, ಅದರ ಮುಂದಿನ ಭಾನುವಾರವೂ ಬಂದರು. ರೇಡಿಯೋ ವಾಲ್ವ್ ಹಾಕಿದ ದಿನವೇ ಸರಿಹೋಗಿತ್ತು. ಆಮೇಲೂ ಯಾಕೆ ಬಂದರೆಂಬುದು ಅಪ್ಪನಿಗೆ ಹೊಳೆಯಲಿಲ್ಲ, ಅಮ್ಮನಿಗೆ ಹೊಳೆಯಿತು. ಶ್ರಾವಣ ಕಳೆದ ಮೇಲೆ ನಮ್ಮ ಮದುವೆಯಾಯಿತು.