ಹಕ್ಕಿಯ ಹಿಂದಿದ್ದ ಹಿತ್ತಲು

ವರ್ತೂರಿನ ಬಸ್ ನಿಲ್ದಾಣದ ಎದುರಿಗೆ ನರೇಶನ ಜೆರಾಕ್ಸ್ ಅಂಗಡಿ ಇತ್ತು. ಪಹಣಿ, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಏನು ನಕಲಾಗಬೇಕಿದ್ದರೂ ಊರಿನವರು ಅಲ್ಲಿಗೇ ಬರುತ್ತಿದ್ದರು. ಆದರೆ ನರೇಶನ ಕೈಗುಣ ಇದ್ದದ್ದು ಪಾಸ್‌ಪೋರ್ಟ್ ಫೋಟೋದಲ್ಲಿ. ನೀವು ಸುಣ್ಣ ಉದುರಿದ ಗೋಡೆಯ ಮುಂದೆ ಕೂತಿರಿ, ಕಾಗದದ ಕಟ್ಟುಗಳ ಮುಂದೆ ಕೂತಿರಿ, ಅವನಿಗೆ ಎರಡೂ ಒಂದೇ. ಕಂಪ್ಯೂಟರಿನಲ್ಲಿ ನಿಮ್ಮ ಕೂದಲಿನ ಅಂಚು ಹಿಡಿದು ಹಿಂದಿನದನ್ನೆಲ್ಲ ಅಳಿಸಿ, ಬಿಳಿಯನ್ನೋ ನೀಲಿಯನ್ನೋ ತುಂಬಿ, ನಿಮ್ಮೊಬ್ಬರನ್ನೇ ಉಳಿಸಿ ಕೈಗೆ ಕೊಡುತ್ತಿದ್ದ. "ನರೇಸಣ್ಣನ ಅಂಗಡೀಲಿ ಕೂತ್ರೆ ಮೊಡವೇನೂ ಓಯ್ತದೆ, ಗೋಡೇನೂ ಓಯ್ತದೆ" ಎಂದು ಹುಡುಗಿಯರು ನಗುತ್ತಿದ್ದರು.

ಅವನ ಮನೆ ಇದ್ದದ್ದು ಕೆರೆಯ ಕಡೆಗೆ ಇಳಿಯುವ ಬೀದಿಯ ಕೊನೆಗೆ. ಮುಂದೆ ಹೆಂಚಿನ ಮನೆ, ಹಿಂದೆ ಮನೆಗಿಂತ ದೊಡ್ಡ ಹಿತ್ತಲು. ಅಪ್ಪ ಸೊಣ್ಣಪ್ಪ ತೀರಿಕೊಂಡ ಮೇಲೆ ಆ ಹಿತ್ತಲಿಗೆ ಅವನ ತಾಯಿ ಚಿಕ್ಕಮುನಿಯಮ್ಮನೇ ಯಜಮಾನಿ. ಬೆಳಗಿನ ಅರ್ಧ ದಿನ ಅಲ್ಲೇ ಕಳೆಯುವಳು. ನೀರೊಲೆಗೆ ಸೌದೆ ಒಟ್ಟಬೇಕು, ಕಲ್ಲಿನ ಮೇಲೆ ಬಟ್ಟೆ ಒಗೆಯಬೇಕು, ಕೋಳಿ ಬಿಡಬೇಕು. ಮೊರದಲ್ಲಿ ಉಳಿದ ರಾಗಿ ನುಚ್ಚನ್ನು ಮೂಲೆಗೆ ಚೆಲ್ಲಿ, ಒಡೆದ ಮಡಕೆಯ ತಳದಲ್ಲಿ ನೀರಿಡುತ್ತಿದ್ದಳು. ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ, ಹೆಸರಿದ್ದವೂ ಇಲ್ಲದವೂ ಬಂದು ಗಲಾಟೆ ಮಾಡಿ ಹೋಗುತ್ತಿದ್ದವು.

ಎರಡು ಸಾವಿರದ ಎಂಟರಲ್ಲಿ ನರೇಶನ ಕೈಗೆ ಒಂದು ಹಳೆಯ ಕ್ಯಾಮೆರಾ ಬಂತು. ಮದುವೆಮನೆಗಳಿಗೆ ಹೋಗಿ ಫೋಟೋ ತೆಗೆಯೋಣ ಎಂದು ತಂದದ್ದು. ಪರೀಕ್ಷೆಗೆಂದು ಹಿತ್ತಲ ಬಾಗಿಲಲ್ಲಿ ನಿಂತು ಒಂದು ಪಿಕಳಾರದ ಫೋಟೋ ಹೊಡೆದ. ಅಷ್ಟೇ ನೋಡಿ, ಮದುವೆಮನೆ ಮರೆತೇಹೋಯಿತು.

ಆ ಫೋಟೋ ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲಿದ್ದಾಗ ಸುಧೀಂದ್ರ ಅವರು ಏನೋ ನಕಲು ಮಾಡಿಸಲು ಬಂದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ವೈಟ್‌ಫೀಲ್ಡಿನಲ್ಲಿ ಹಕ್ಕಿ ಫೋಟೋ ತೆಗೆಯುವವರ ಒಂದು ಗುಂಪು ಕಟ್ಟಿಕೊಂಡು ಹೊಸಬರಿಗೆ ಪಾಠ ಹೇಳುತ್ತಿದ್ದರು. ಕನ್ನಡಕ ಏರಿಸಿ ಪರದೆ ನೋಡಿದರು.

"ಏನ್ರೀ ಇದು?"

"ಪಿಕಳಾರ, ಸಾರ್."

"ಎಲ್ಲಿದೆ? ನನಗೆ ಹಂಡೆ ಕಾಣ್ತಿದೆ, ಬಕೆಟ್ ಕಾಣ್ತಿದೆ, ಬಟ್ಟೆ ಒಗೀತಿರೋ ಅಮ್ಮನೂ ಕಾಣ್ತಿದ್ದಾರೆ. ಹಕ್ಕಿ ಹುಡುಕೋಕೆ ಪೊಲೀಸ್ ಕರೀಬೇಕು."

ನರೇಶ ನಾಚಿಕೊಂಡ. ಸುಧೀಂದ್ರ ನಕ್ಕು, ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು. "ನೋಡಿ, ಹಕ್ಕಿ ಯಾವ ಕಡೆ ನೋಡ್ತಿದೆಯೋ ಆ ಕಡೆ ಜಾಗ ಬಿಡಿ. ನಟ್ಟನಡುವೆ ಕೂರಿಸಬೇಡಿ, ದೇವರ ಪಟ ಅಲ್ಲ ಇದು. ನಿಂತುಕೊಂಡು ಮೇಲಿಂದ ಹೊಡೀಬೇಡಿ, ಅದರ ಕಣ್ಣಿನ ಮಟ್ಟಕ್ಕೆ ಇಳೀರಿ. ಆ ಕಣ್ಣು ಚೂಪಾಗಿ ಬಂದಿರಬೇಕು. ಇಷ್ಟಾದ ಮೇಲೆ ಹಕ್ಕಿಗೆ ಸಂಬಂಧವಿಲ್ಲದ್ದನ್ನೆಲ್ಲ ಕತ್ತರಿಸಿ ಬಿಸಾಕಿ." ಆ ಫೋಟೋವನ್ನು ತಮ್ಮ ಪೆನ್‌ಡ್ರೈವಿಗೂ ಹಾಕಿಸಿಕೊಂಡು ಹೋದರು. ಎಲ್ಲೆಲ್ಲಿ ತಪ್ಪಾಗಿದೆಯೆಂದು ಬರೆದು ತಿಳಿಸಿದರು ಕೂಡ.

ಕತ್ತರಿಸಿ ಬಿಸಾಕುವುದನ್ನು ನರೇಶನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೂದಲೆಳೆಯ ಅಂಚು ಬಿಡಿಸಿದ ಕೈಗೆ ರೆಕ್ಕೆಯ ಅಂಚು ಬಿಡಿಸುವುದು ಯಾವ ಲೆಕ್ಕ? ಬಟ್ಟೆಯ ಹಗ್ಗ ಅಳಿಸಿದ, ಹೆಂಚು ಅಳಿಸಿದ, ಪಕ್ಕದ ಮನೆಯ ನೀರಿನ ಟ್ಯಾಂಕು ಅಳಿಸಿದ. ಆಮೇಲೆ ಉದ್ದನೆಯ ಲೆನ್ಸ್ ಬಂತು. ಹಿಂದಿರುವುದೆಲ್ಲ ತಾನಾಗಿಯೇ ಕರಗಿ ಬೆಣ್ಣೆಯಂತಾಗತೊಡಗಿತು. ಬೆಳಗಾದರೆ ಹಿತ್ತಲ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತಿದ್ದ.

"ಏನ್ಲಾ, ಒತ್ತಾರೇನೇ ಕುಡ್ಕಂಡ್ ಬಿದ್ದಿದ್ದೀಯಾ?" ಎನ್ನುವಳು ಅಮ್ಮ.

"ಅಮ್ಮ, ವಸಿ ಆ ಕಡೆ ಸರಿ. ನಿನ್ನ ಸೀರೆ ಕೆಂಪು ಹಿಂದೆ ಬರ್ತಿದೆ."

"ನನ್ ಇತ್ಲಲ್ಲಿ ನಾನೇ ಸರೀಬೇಕಾ?"

"ಒಂದೇ ನಿಮಿಷ ಕಣಮ್ಮ."

"ನಾಳೀಕೆ ಎಲೆ ಬಣ್ಣದ ಸೀರೆ ಉಟ್ಕಂಡ್ ಬತ್ತೀನಿ ಬಿಡು. ನಿನ್ನ ಪಿಕಳಾರಕ್ಕೆ ನಾನ್ ಕಾಣ್ಬಾರ್ದು ತಾನೆ?" ಹೀಗೆ ಬೈದುಕೊಂಡೇ ಬಕೆಟ್ ಎತ್ತಿಕೊಂಡು ಸರಿಯುತ್ತಿದ್ದಳು. ಎಷ್ಟೋ ಬೆಳಗುಗಳಲ್ಲಿ ಹಾಗೆ ಸರಿದಳು.

ಅಂಗಡಿಯ ಕಂಪ್ಯೂಟರ್ ಎಷ್ಟೆಂದು ತುಂಬಿಕೊಂಡೀತು? ಜಾಗ ಸಾಲದಾದಾಗಲೆಲ್ಲ ನರೇಶ ಮೂಲ ಫೋಟೋಗಳನ್ನು ಅಳಿಸಿ, ಕತ್ತರಿಸಿ ತಿದ್ದಿದ್ದನ್ನು ಮಾತ್ರ ಇಟ್ಟುಕೊಂಡ. ಮೊದಲ ವರ್ಷದವನ್ನಂತೂ ಯಾರಾದರೂ ನೋಡಿಯಾರೆಂಬ ನಾಚಿಕೆಗೇ ಅಳಿಸಿದ. ಸುಧೀಂದ್ರರ ಗುಂಪಿನ ಕ್ಯಾಲೆಂಡರಿನಲ್ಲಿ ಅವನ ಮಡಿವಾಳ ಹಕ್ಕಿ ಅಚ್ಚಾಯಿತು. "ಯಾವ ಕಾಡಲ್ಲಿ ತೆಗೆದದ್ದು?" ಎಂದು ಗುಂಪಿನವರು ಕೇಳಿದರೆ ಅವನ ಎದೆ ಉಬ್ಬುತ್ತಿತ್ತು. ವರ್ತೂರಿನ ಹಿತ್ತಲು ಎಂದು ಒಬ್ಬರಿಗೂ ಗೊತ್ತಾಗಲಿಲ್ಲವಲ್ಲ!

ಅಷ್ಟರಲ್ಲಿ ಊರಿನ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಬೇರೆ ಮನೆ ಮಾಡಿಕೊಂಡಿದ್ದ ಅಣ್ಣನೂ ಅವನೂ ಭಾಗ ಮಾಡಿಕೊಂಡರು. ಇಬ್ಬರ ಪಾಲಿಗೂ ಫ್ಲ್ಯಾಟು ಬರುವಂತೆ ಮನೆಯನ್ನೂ ಹಿತ್ತಲನ್ನೂ ಕಟ್ಟಡದವರಿಗೆ ಬಿಟ್ಟುಕೊಟ್ಟರು. ಜೆಸಿಬಿ ಬಂದ ಬೆಳಗ್ಗೆ ನರೇಶ ಕ್ಯಾಮೆರಾ ಹಿಡಿದು ಅಲ್ಲೇ ಇದ್ದ. ಅಗೆದ ಮಣ್ಣಿನ ಹುಳ ಹೆಕ್ಕಲು ಮೈನಾಗಳು ಇಳಿದಿದ್ದವು. ಒಂದು ಮೈನಾ ಹೆಂಟೆಯ ಮೇಲೆ ನಿಂತು ಕತ್ತು ಹೊರಳಿಸಿತು. ಕಣ್ಣು ಚೂಪಾಗಿ ಬಂತು. ಹಿಂದೆಲ್ಲ ಬಂಗಾರದ ಬಣ್ಣ, ಸಂಜೆಯ ಬಿಸಿಲಿನ ಹಾಗೆ. ಅದು ಜೆಸಿಬಿಯ ಮೈ. ಸುಧೀಂದ್ರ ಅದನ್ನು ನೋಡಿ "ಈಗ ನಿಮಗೆ ಪಾಠ ಮುಗೀತು ನರೇಶ್" ಎಂದರು.

ಕಾಡುಗೋಡಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ಸಿಕ್ಕಿತು. ಚಿಕ್ಕಮುನಿಯಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ಮಂಚವೇ ಗತಿಯಾಯಿತು. ಕಿಟಕಿ ತೆರೆದರೆ ಪಕ್ಕದ ಮನೆಯ ಸಿಮೆಂಟ್ ಗೋಡೆ. ಒಂದು ದಿನ ಮಗನನ್ನು ಹತ್ತಿರ ಕರೆದಳು.

"ನರೇಸ, ನಂಗೆ ಆ ಇತ್ಲು ಒಂದ್ಕಿತ ತೋರ್ಸಪ್ಪ."

"ಅಲ್ಲೇನಿದೆಯಮ್ಮ ಈಗ? ಪಿಲ್ಲರ್ ಎದ್ದಿದಾವೆ."

"ಅದಲ್ಲ ಕಣ್ಲಾ. ನೀನ್ ಇಡ್ದಿಟ್ಟಿರೋದು. ವರ್ಸಾನ್ಗಟ್ಲೆ ನೆಲಕ್ಕೆ ಬಿದ್ಕಂಡು ತಗೀತಿದ್ದಲ್ಲ."

"ಓ, ಅದಾ! ಸಾವಿರಾರು ಇದಾವೆ. ನಾಳೆ ತರ್ತೀನಿ."

ಚಿಕ್ಕಮುನಿಯಮ್ಮನ ಮುಖ ಅರಳಿತು. ಕೆಳಗಿನ ಮನೆಯ ಹೊಳೆವ್ವ ನೋಡಲು ಬಂದಾಗ ಅವಳಿಗೂ ಹೇಳಿದಳು: "ನಾಳೀಕೆ ಬಾರವ್ವ. ನನ್ ಮಗ ನಮ್ಮಿತ್ಲು ತತ್ತಾನೆ."

ನರೇಶ ಅಂಗಡಿಯಲ್ಲಿ ಕೂತು ಒಂದೊಂದಾಗಿ ತೆರೆದ. ಪಿಕಳಾರ, ಹಿಂದೆ ಹಸಿರು. ಸೂರಕ್ಕಿ, ಹಿಂದೆ ಹಸಿರು. ಮೈನಾ, ಹಿಂದೆ ಬಂಗಾರ. ಮಡಿವಾಳ ಹಕ್ಕಿ, ಹಿಂದೆ ತಿಳಿಗಂದು. ಅದು ಮನೆಯ ಗೋಡೆಯಿರಬಹುದು, ಮಣ್ಣಿರಬಹುದು, ಅಮ್ಮನ ಬೆನ್ನೇ ಇರಬಹುದು. ಸಾವಿರಾರು ಹಕ್ಕಿಗಳಿದ್ದವು. ಹಿತ್ತಲು ಇರಲಿಲ್ಲ.

ಬರಿಗೈಯಲ್ಲಿ ಹೋಗಲಾರದೆ ಚೆಂದದ ಕೆಲವನ್ನು ಅಚ್ಚು ಹಾಕಿಕೊಂಡು ಹೋದ. ಹೊಳೆವ್ವ ಆಗಲೇ ಬಂದು ಕೂತಿದ್ದಳು. ಚಿಕ್ಕಮುನಿಯಮ್ಮ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ ಕೆಳಗಿಟ್ಟಳು.

"ಚೆನ್ನಾಗವೆ. ಇತ್ಲೆಲ್ಲಿ?"

"ಇದರ ಹಿಂದೆನೇ ಇದೆಯಲ್ಲಮ್ಮ."

"ಇಂದೇನೂ ಇಲ್ವಲ್ಲೋ" ಎಂದು ಅವಳು ಹೊಳೆವ್ವನ ಕಡೆ ನೋಡಿದಳು. ಹೊಳೆವ್ವ "ನಂಗೂ ಕಣ್ಣು ಮಂಜು ಬುಡಿ" ಎಂದು ಎದ್ದು ಹೋದಳು. ಆ ಮಧ್ಯಾಹ್ನ ಅಮ್ಮ ಮುದ್ದೆ ಮುಟ್ಟಲಿಲ್ಲ; ಗೋಡೆಯ ಕಡೆ ತಿರುಗಿ ಮಲಗಿದಳು.

ಹೆಂಡತಿ ಲಾವಣ್ಯ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಕೇಳಿದಳು. "ರೀ, ಒಂದಾದ್ರೂ ಇರತ್ತೆ ನೋಡಿ. ನಾನು ಹೊಸದಾಗಿ ಬಂದಾಗ ನೀರೊಲೆ ಮುಂದೆ ಕೂತಿದ್ದೆ, ತೆಗೆದಿದ್ರಲ್ಲ? ಮೇಲೆ ಹಗ್ಗದಲ್ಲಿ ಯಾವ್ದೋ ಹಕ್ಕಿ ಇತ್ತು."

"ಅಳಿಸ್ಬಿಟ್ಟೆ."

"ನನ್ನನ್ನಾ?"

ನರೇಶ ಲೋಟಕ್ಕೆ ನೀರು ಬಗ್ಗಿಸಿಕೊಂಡ. ಲಾವಣ್ಯ ಒಲೆಯ ಉರಿ ಸಣ್ಣ ಮಾಡಿ, "ಹಕ್ಕಿನ ಉಳಿಸ್ಕೊಂಡ್ರಾ ಹೇಗೆ?" ಎಂದಳು.

ಕೊನೆಗೆ ಸುಧೀಂದ್ರರಿಗೆ ಫೋನು ಮಾಡಿದ. ಅವರು "ನಿಮ್ಮ ಮೊದಲನೇದು ಒಂದು ನನ್ನ ಹತ್ತಿರ ಇದೆ. ಬಂದು ನೋಡಿ" ಎಂದರು.

ಅದು ಉಳಿದಿದ್ದು ಅವರ ಪಾಠದಲ್ಲಿ. ಫೋಟೋ ಹೇಗಿರಬಾರದು ಎಂದು ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದರು. ಇಡೀ ಹಿತ್ತಲು ಅಲ್ಲಿತ್ತು: ನೀರೊಲೆ, ಹಂಡೆ, ಕಲ್ಲು, ಹಗ್ಗದ ಮೇಲಿನ ಬಟ್ಟೆ. ಪಿಕಳಾರದ ಸುತ್ತ ಪುಟ್ಟದೊಂದು ಕೆಂಪು ಚೌಕ. ಉಳಿದ ಎಲ್ಲದರ ಮೇಲೂ ಕೆಂಪು ಗೀಟು. ಹಂಡೆಯ ಮೇಲೆ ಒಂದು, ಬಕೆಟಿನ ಮೇಲೆ ಒಂದು. ಬಗ್ಗಿ ಬಟ್ಟೆ ಒಗೆಯುತ್ತಾ ಕ್ಯಾಮೆರಾದ ಕಡೆ ಕತ್ತೆತ್ತಿದ್ದ ಅಮ್ಮನ ಮೇಲೆ ದಪ್ಪನೆಯ ಎರಡು ಗೀಟು, ಅಡ್ಡಕ್ಕೊಂದು ಉದ್ದಕ್ಕೊಂದು.

"ಗೀಟಿಲ್ಲದ್ದು, ಸಾರ್?"

"ಅದರ ಮೇಲೇ ಗೀಚಿ ಸೇವ್ ಮಾಡ್ಬಿಟ್ಟಿದ್ದೆ ನರೇಶ್. ಬೇಜಾರ್ ಮಾಡ್ಕೋಬೇಡಿ. ನಿಮ್ಮ ಹೆಸರು ಯಾರಿಗೂ ಹೇಳ್ತಿರಲಿಲ್ಲ." ಅವರು ಪರದೆಯಿಂದ ಕಣ್ಣು ತೆಗೆದು, "ಪಾಠ ಸರಿಯಾಗೇ ಇತ್ತು ಕಣ್ರೀ, ಅದೇ..." ಎಂದರು.

ಅಂಗಡಿಗೆ ಬಂದ ನರೇಶ ಕೆಂಪನ್ನು ತೆಗೆಯಲು ಕೂತ. ಬಕೆಟಿನದು ಹೋಯಿತು, ಹಂಡೆಯದು ಹೋಯಿತು. ಅಮ್ಮನ ಮುಖಕ್ಕೆ ಬಂದಾಗ ಕೈ ನಿಂತಿತು. ಗೀಟಿನ ಕೆಳಗೆ ಕಣ್ಣು ಹೇಗಿತ್ತು? ನಗುತ್ತಿದ್ದಳೇ, ಬೈಯುತ್ತಿದ್ದಳೇ? ಅಳಿಸಿದ ಜಾಗಕ್ಕೆ ಅವನು ಏನು ತುಂಬಿದರೂ ಅದು ಅಂಗಡಿಯಲ್ಲಿ ತಯಾರಾದ ಮುಖ. ತಿದ್ದಿದ್ದನ್ನೆಲ್ಲ ಹಿಂದಕ್ಕೆ ಪಡೆದು, ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕಿದ.

ಚಿಕ್ಕಮುನಿಯಮ್ಮ ನೋಡಿದ್ದೇ ತಡ ಎದ್ದು ಕೂರಲು ಹೊರಟಳು. ಲಾವಣ್ಯ ಬೆನ್ನಿಗೆ ದಿಂಬು ಕೊಟ್ಟಳು.

"ಅಯ್ಯೋ, ನನ್ ಕಲ್ಲು! ನೋಡೇ ಲಾವಣ್ಯ, ಅಂಡೆ! ಮಡಕೆ ಚೂರು ಕೂಡ ಬಂದೈತೆ. ಇದ್ಯಾಕ್ಲಾ ಮೇಲೆಲ್ಲ ಕೆಂಪು?"

"ಪ್ರಿಂಟಲ್ಲಿ ಬಂದ್ಬಿಟ್ಟಿದೆ ಕಣಮ್ಮ."

"ಓಗ್ಲಿ ಬಿಡು." ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತಾ ಹೋದವಳು ಅಂಚಿಗೆ ಬಂದು ಬೆರಳು ನಿಲ್ಲಿಸಿದಳು. "ವಸಿ ಆ ಕಡೀಕೆ ಸರ್ಸು."

ನರೇಶ ಕಾಗದವನ್ನು ಸರಿಸಿದ.

"ಕಾಗ್ದ ಅಲ್ಲ ಕಣ್ಲಾ, ಒಳಗಿಂದು. ನಿಮ್ಮಪ್ಪ ನೆಟ್ಟಿದ್ದ ಸೀಬೆ ಈ ಕಡೀಗಲ್ವ ಇದ್ದಿದ್ದು?"

"ಅಷ್ಟೇ ಇರೋದಮ್ಮ."

ಅವಳು ಒಪ್ಪಲಿಲ್ಲ. ಬೆರಳು ಅಂಚು ದಾಟಿ ಹೊದಿಕೆಯ ಮೇಲೆ ನಡೆಯಿತು. "ಇಲ್ಲಿ ಸೀಬೆ. ಇಲ್ಲಿ ಕೋಳಿ ಗೂಡು. ಇಂಗೆ ಬೇಲಿ ಕಡೀಕೆ ಓದ್ರೆ ಇನ್ನೊಂದು ಮರ ಇತ್ತು. ದೊಡ್ಡದು. ಅದ್ಯಾವ್ ಮರ್ಲಾ? ನಂಗ್ ಮರ್ತೋಗೈತೆ. ನೀನೇಳು, ದಿನಾ ಅದರ್ ಕೆಳ್ಗೇ ಬಿದ್ದಿರ್ತಿದ್ದೆ."

ನರೇಶ ನೆನಪು ಮಾಡಿಕೊಂಡ. ಆ ಮರದ ಕೊಂಬೆಗೆ ಕುಟ್ರುಹಕ್ಕಿ ಬಂದು ಕೂರುತ್ತಿತ್ತು. ಅದರ ಕೊಕ್ಕಿನ ಬುಡದ ಮೀಸೆಯ ಒಂದೊಂದು ಎಳೆಯೂ ಅವನಿಗೆ ಕಂಡಿತು. ಕಣ್ಣಿನ ಸುತ್ತಲಿನ ಬಣ್ಣ ಕಂಡಿತು, ಅದರಲ್ಲಿ ಹೊಳೆಯುತ್ತಿದ್ದ ಬೆಳಕಿನ ಚುಕ್ಕೆ ಕಂಡಿತು. ಹಿಂದೆ ಹಸಿರಿತ್ತು, ನುಣ್ಣಗೆ.

"ಗೊತ್ತಿಲ್ಲ ಕಣಮ್ಮ" ಎಂದ.

ಚಿಕ್ಕಮುನಿಯಮ್ಮ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. "ಯೋಚ್ನೆ ಮಾಡು" ಎಂದಳು.