ಜನವರಿಗೆ ಗೊತ್ತು ಮಾಡಿದ ತಿಮಿಂಗಿಲ

ಪೊಲೀಸ್ ಠಾಣೆಯ ಮೇಲಿನ ಬಾವುಟ ಕೆಂಪಗಿತ್ತು, ಅದು ಖಂಡಿತ. ಆಕಾಶ ನಿಜಕ್ಕೂ ಅಷ್ಟು ತಿಳಿಯಾಗಿತ್ತೋ, ನನ್ನ ತಪ್ಪು ಹಗುರವಾಗಲೆಂದು ನೆನಪಿನಲ್ಲಿ ನಾನೇ ಮೋಡಗಳನ್ನು ಅಳಿಸಿದ್ದೇನೋ, ಹೇಳಲಾರೆ. ಮಾರಿಷಸ್ಸಿಗೆ ಬಂದು ಐದು ತಿಂಗಳಾಗಿತ್ತು. ಆ ಬಾವುಟ ಚಂಡಮಾರುತದ ಎಚ್ಚರಿಕೆ ಎಂದು ನನಗೆ ಗೊತ್ತಿರಲಿಲ್ಲ.

ತಾಯಿಯಿಲ್ಲದ ನನ್ನನ್ನು ಸಾಕಿ ಓದಿಸಿದ ಚಿಕ್ಕಮ್ಮ ಶೃಂಗೇರಿ ಬಳಿಯ ಜಯಪುರದ ಶಾಲೆಯಲ್ಲಿ ಮಕ್ಕಳಿಗೆ ವರ್ಷವರ್ಷವೂ ತಿಮಿಂಗಿಲದ ಪಾಠ ಮಾಡಿದವಳು. ಸಮುದ್ರವನ್ನೇ ಕಂಡಿರಲಿಲ್ಲ. ಬಾ, ತೋರಿಸುತ್ತೇನೆ ಎಂದು ಬರೆದಿದ್ದೆ. ಅವಳಿಗಿದ್ದುದು ಹತ್ತು ದಿನ. ಮಂಡಿನೋವಿನವಳು, ಇನ್ನೊಮ್ಮೆ ಬರುವುದು ಅನುಮಾನ.

ತಿಂಗಳು ಆರಿಸಿದವಳು ನಾನೇ. ನಮ್ಮಲ್ಲಿ ಆಷಾಢದ ತುಂಗೆಗೆ ಯಾರೂ ದೋಣಿ ಇಳಿಸುವುದಿಲ್ಲ. ಸಂಕ್ರಾಂತಿಗೆ ಹೊಳೆ ಶಾಂತವಾಗಿರುತ್ತದೆ. ಅದೇ ಲೆಕ್ಕದಲ್ಲಿ ಜನವರಿ ಎಂದೆ. ಇಬ್ಬರು ಮೀನುಗಾರರು 'ಈಗ ಬಲೆನ್ ಇಲ್ಲ' ಎಂದರು. ಬಲೆನ್ ಎಂದರೆ ತಿಮಿಂಗಿಲ. ಸೋಮಾರಿಗಳೆಂದುಕೊಂಡೆ. ಮೂರನೆಯವನು ಒಪ್ಪಿದ.

ಅವನ ಪಿರೋಗಿನಲ್ಲಿ, ಅಂದರೆ ಸಪೂರ ಮರದ ದೋಣಿಯಲ್ಲಿ, ಚಿಕ್ಕಮ್ಮ ಆಗಲೇ ಕೂತಿದ್ದಳು. ಮಡಿಲಲ್ಲಿ ಮಂಡಕ್ಕಿ ಪೊಟ್ಟಣ, ಶೃಂಗೇರಿಯ ಮೀನುಗಳಿಗೆ ಹಾಕುವಂಥದ್ದೇ.

"ತಿಮಿಂಗಿಲ ಮಂಡಕ್ಕಿ ತಿನ್ನುತ್ತಾ ಚಿಕ್ಕಮ್ಮ?"

"ತಿನ್ನದಿದ್ರೆ ನಾನು ತಿಂತೇನೆ ಮಾರಾಯ್ತಿ. ನಿಂದೆಂತ ಗಂಟು ಹೋಯ್ತು?"

ನಾನೂ ಕಾಲೆತ್ತಿದ್ದೆ. ಅಷ್ಟರಲ್ಲಿ ನಮ್ಮ ಮನೆಯೊಡತಿ ಫೂಲವಂತಿ ಓಡಿಬಂದು ದೋಣಿಯ ಹಗ್ಗ ಹಿಡಿದಳು. "ಬಾವುಟ ಕಾಣಲಿಲ್ಲವೆ? ಬಲೆನ್ ಬರುವುದು ಜುಲೈಯಲ್ಲಿ. ಇದು ಬಿರುಗಾಳಿಯ ತಿಂಗಳು," ಎಂದಳು ಹಿಂದಿಯಲ್ಲಿ. ದೋಣಿಯವನು ಬೇರೆಡೆ ನೋಡಿದ.

"ಚಿಕ್ಕಮ್ಮ, ಇಳಿ."

"ಇಷ್ಟು ದೂರ ಬಂದಾಯ್ತಲ್ಲ ಕೂಸೇ. ನೀರು ಹಾಲಿನ ಹಾಗೆ ಉಂಟು. ಒಂದು ಸುತ್ತು ಹೋಗಿ ಬಪ್ಪ."

ನನಗೂ ಆ ನೀರನ್ನು ನಂಬುವ ಆಸೆಯಾಯಿತು. ಅದಕ್ಕೇ ಹೆದರಿಕೆಯೂ ಆಯಿತು. ಅವಳ ರಟ್ಟೆ ಹಿಡಿದು ಎಳೆದೆ. ಜೀವನದಲ್ಲಿ ಮೊದಲ ಬಾರಿ ಅವಳನ್ನು ಗದರಿದೆ.

ಮರುದಿನವಿಡೀ ಬಾಗಿಲು ಬಿಗಿದು, ಗಾಳಿಯ ಅಬ್ಬರ ಕೇಳುತ್ತ, ಫೂಲವಂತಿಯೂ ಸೇರಿ ಮೂವರೂ ಆ ಮಂಡಕ್ಕಿಯನ್ನೇ ತಿಂದೆವು. ಹೊರಬಂದಾಗ ಆ ಪಿರೋಗ್ ರಸ್ತೆಯ ಮೇಲೆ ಮಗುಚಿ ಬಿದ್ದಿತ್ತು. ಚಿಕ್ಕಮ್ಮ ಅದರ ಮರವನ್ನೊಮ್ಮೆ ಮುಟ್ಟಿ ನೋಡಿದಳು. ನಾಲ್ಕು ದಿನದಲ್ಲಿ ಹೊರಟಳು.

ಜುಲೈಯಲ್ಲಿ ಇಲ್ಲಿನ ಬಂಡೆಯೊಂದರ ಮೇಲೆ ನಿಂತು ಕಪ್ಪು ಬೆನ್ನೊಂದು ಏಳುವುದನ್ನು ಕಂಡೆ. ಊರಲ್ಲಿ ಆಗ ಹೊಳೆ ಏರಿ ಬಸ್ಸು ನಿಂತಿತ್ತಂತೆ. ನಾನೀಗ ಬಾವುಟ ನೋಡಿಯೇ ಮನೆಯಿಂದ ಹೊರಡುವವಳು. ಆದರೂ ಜುಲೈ ಎಂದರೆ ಕೈ ಕೊಡೆ ಹುಡುಕುತ್ತದೆ.

ಚಿಕ್ಕಮ್ಮನಿಗೆ ಬರೆದು ಕೇಳಿದೆ: "ಆಷಾಢದಲ್ಲಿ ಹೊರಟು ಬರ್ತೀಯಾ?"

ಆಮೇಲೆ ಅವಳ ಮೂರು ಕಾಗದ ಬಂದಿವೆ. ಮಂಡಿನೋವು, ಮಳೆ, ಫೂಲವಂತಿಯ ಕ್ಷೇಮದ ವಿಚಾರಣೆ, ಎಲ್ಲವೂ ಇವೆ. ಇದಕ್ಕೆ ಮಾತ್ರ ಉತ್ತರವಿಲ್ಲ.