ಕುಣಿ ಇಲ್ಲದ ಮಗ್ಗ

ನಿವೃತ್ತಿಗೆ ಮೂರು ವರ್ಷ ಬಾಕಿ ಇರುವಾಗ ಪ್ರವಾಸೋದ್ಯಮ ಇಲಾಖೆಯವರು ನನ್ನನ್ನು ಬಾಗಲಕೋಟೆಗೆ ಹಾಕಿದರು. ಬಾದಾಮಿಯಿಂದ ಕೂಡಲಸಂಗಮ, ಹುನಗುಂದ ದಾಟಿ ಇಳಕಲ್ಲಿನವರೆಗೆ ಒಂದೇ ಪ್ರವಾಸಿ ವಲಯ ಮಾಡಲು ಸರ್ಕಾರ ನಿರ್ಧರಿಸಿತ್ತು. ವಲಯವೆಂದರೆ ಒಂದು ನಕಾಶೆ, ಒಂದು ಬಸ್ಸು, ಗೊತ್ತಾದ ನಿಲುಗಡೆಗಳು. ಇಳಕಲ್ಲಿನ ನಿಲುಗಡೆ ನನ್ನ ಪಾಲಿಗೆ ಬಂತು.

ಹೆದ್ದಾರಿಯ ಪಕ್ಕದಲ್ಲಿ ನೇಕಾರಿಕೆ ತೋರಿಸುವ ಕೇಂದ್ರ ಕಟ್ಟಿಸಿದೆ. ಟೈಲ್ಸ್, ಫ್ಯಾನು, ನಡುವೆ ಬೇರೆ ಊರಿನಿಂದ ತರಿಸಿದ, ಬೆಂಚಿನ ಮೇಲೆ ಕೂತು ನೇಯುವ ಮಗ್ಗ. ನನಗಂತೂ ಭಾರೀ ಹೆಮ್ಮೆ! ನೇಯಲು ಊರಿನ ಹಳೆಯ ನೇಕಾರ್ತಿ ಸಂಗವ್ವನನ್ನು ಒಪ್ಪಿಸಿದ್ದೆ. ನಲವತ್ತು ವರ್ಷ ನೇಯ್ದರೂ ತನ್ನ ಸೀರೆ ಯಾರ ಮೈಮೇಲೆ ಹೋಯಿತೆಂದು ಅವಳು ಕಂಡಿರಲಿಲ್ಲ. ಬಸ್ಸು ನಿಂತರೆ ಉಡುವವರನ್ನು ಕಣ್ಣಾರೆ ನೋಡಬಹುದೆಂಬ ಆಸೆ ಅವಳಿಗೆ.

ಬೆಂಗಳೂರಿನ ತಪಾಸಣೆ ತಂಡ ಬರುವ ದಿನ ಸಂಗವ್ವ ಮೊದಲ ಸಲ ಕೇಂದ್ರಕ್ಕೆ ಬಂದು ಮಗ್ಗದ ಸುತ್ತ ಎರಡು ಸಲ ತಿರುಗಿದಳು.

“ಸಾಹೇಬ್ರ, ಕುಣಿ ಎಲ್ಲೈತ್ರಿ?”

“ಯಾವ ಕುಣಿ?”

“ಅಯ್ಯ ನನ್ನ ಶಿವನ! ನಾ ಕಾಲು ಎಲ್ಲಿ ಇಳಿಬಿಡ್ಲಿ? ನಿಮ್ಮ ತಲಿಮ್ಯಾಲೇನ್ರಿ?”

ಇಳಕಲ್ಲಿನ ಮನೆಗಳಲ್ಲಿ ನೇಯುವವರು ನೆಲದ ಮೇಲೆ ಕೂತು, ಕಾಲನ್ನು ಕುಣಿಯೊಳಗೆ, ಅಂದರೆ ಮಗ್ಗದಡಿ ತೋಡಿದ ಗುಂಡಿಯೊಳಗೆ, ಬಿಟ್ಟು ಹಲಗೆ ತುಳಿಯುತ್ತಾರೆ. ಮಣ್ಣಿನ ತಂಪಿಗೆ ನೂಲು ಸುಲಭಕ್ಕೆ ತುಂಡಾಗುವುದಿಲ್ಲ. ಬೇವೂರಿನಲ್ಲಿ ಹುಟ್ಟಿದವನು ನಾನು. ನಮ್ಮವ್ವ ಜೀವಮಾನವಿಡೀ ಇಳಕಲ್ ಸೀರೆಯನ್ನೇ ಉಟ್ಟವಳು. ಆದರೂ ಒಂದು ದಿನವೂ ನೇಕಾರರ ಮನೆಯೊಳಗೆ ಬಗ್ಗಿ ನೋಡಿರಲಿಲ್ಲ. ಭೂಮಿಗಿಳಿದು ಹೋದಂತಾಯಿತು.

ಸಂಗವ್ವ ಬೆಂಚಿನ ಮೇಲೆ ಕೂತು ಪ್ರಯತ್ನಿಸಿದಳು. ಮೂರು ಸಲ ನೂಲು ತುಂಡಾಯಿತು. ತಂಡ ಬರಲು ಒಂದೇ ತಾಸು ಉಳಿದಿತ್ತು. ನೇಯುವುದನ್ನು ತೋರಿಸದಿದ್ದರೆ ಇಳಕಲ್ಲನ್ನು ನಕಾಶೆಯಿಂದ ತೆಗೆಯುತ್ತಿದ್ದರು.

“ನಮ್ಮನಿಗೇ ಕರ್ಕೊಂಡ ಬರ್ರಿ. ಆದ್ರ ಓಣ್ಯಾಗ ಜೀಪು ಬರೂದಿಲ್ಲ.”

“ನಡಿಸ್ಕೊಂಡ ಬರ್ತೇನಿ, ಅವ್ವಾ.”

ತಂಡದ ಹಿರಿಯ ಅಧಿಕಾರಿಣಿ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಕುಣಿಯಲ್ಲಿ ಕಾಲಿಳಿಸಿ ಕೂತು, “ಎಷ್ಟು ತಂಪಾಗಿದೆ!” ಎಂದರು. ಅರ್ಧ ತಾಸು ಏಳಲೇ ಇಲ್ಲ. ನಿಲುಗಡೆಯನ್ನು ಆ ಓಣಿಗೇ ಬರೆದುಕೊಂಡರು. ನನ್ನ ಕೇಂದ್ರ ಈಗ ಪ್ರವಾಸಿಗರು ನೀರು ಕುಡಿಯುವ ಜಾಗ.

ಬಸ್ಸು ಶುರುವಾದ ವಾರ ಒಬ್ಬ ಹುಡುಗಿ ಸಂಗವ್ವ ನೇಯ್ದ ಸೀರೆಯನ್ನು ಕೊಂಡು ಅಲ್ಲೇ ಉಟ್ಟು ಹೊರಬಂದಳು. ಸಂಗವ್ವ ಅವಳ ಸೆರಗು ಸರಿಮಾಡಿ, ದೂರ ನಿಂತು ನೋಡಿದಳು.

“ನಾ ನೇಯ್ದದ್ದು ಇಷ್ಟ ಚಂದ ಕಾಣ್ತೈತೇನ್ರಿ?”



ಒಂದು ಊರನ್ನು ಜನರಿಗೆ ತೋರಿಸುವ ಮೊದಲು ಅಲ್ಲಿ ದುಡಿಯುವವರ ಮನೆಗೆ ಹೋಗಿ ಕೂರಬೇಕು. ಈ ಬುದ್ಧಿ ನನಗೆ ಬಂದದ್ದು ತಡವಾಗಿ. ಮರೆಯಲು ಸಂಗವ್ವ ಬಿಡುವುದಿಲ್ಲ. ಈಗಲೂ ಕಂಡಾಗಲೆಲ್ಲ ಓಣಿಯ ಆ ತುದಿಯಿಂದಲೇ ಕೂಗುತ್ತಾಳೆ: “ಸಾಹೇಬ್ರ, ಕುಣಿ ಸಿಕ್ತೇನ್ರಿ?”